ಎದ್ದು ಹೊರಟರೆ ಕರೆಯದ ಊರು

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸ್ಟೀಲ್ ಡಬ್ಬಿಯಿಂದ ಹಿಡಿದು ಸೀರೆಯವರೆಗೆ ಏನು ಕೊಳ್ಳಬೇಕಾದರೂ ಒಂದು ಕ್ರಮವಿದೆ. ಅಂಗಡಿಯವನು ಬೆಲೆ ಹೇಳಿದ ಕೂಡಲೇ ನಾವು ನಗಬೇಕು. ನಾವು ಕೇಳಿದ್ದಕ್ಕೆ ಅವನು ನಗುತ್ತಾನೆ. ಸ್ವಲ್ಪ ಹೊತ್ತು ಎರಡೂ ಕಡೆಯವರು ಮನೆ, ಮಕ್ಕಳು, ಬಾಡಿಗೆ, ಬಿಸಿಲು ಎಂದು ಕಷ್ಟ ಹೇಳಿಕೊಳ್ಳಬೇಕು. ಆಮೇಲೆ ಬ್ಯಾಗು ಎತ್ತಿಕೊಂಡು ಹೊರಟುಬಿಡಬೇಕು. ಹಿಂತಿರುಗಿ ನೋಡಬಾರದು, ಅದೇ ಮುಖ್ಯ. ಪಕ್ಕದ ಅಂಗಡಿ ದಾಟುವಷ್ಟರಲ್ಲಿ "ಬನ್ನಿ ಮೇಡಂ, ಬನ್ನಿ, ಕೋಪ ಯಾಕೆ?" ಎಂಬ ಕೂಗು ಬಂದೇ ಬರುತ್ತದೆ. ವಿಮಾ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ ಮ್ಯಾನೇಜರಾಗಿ ನಿವೃತ್ತಳಾದ ನನಗೆ ಕಚೇರಿಯಲ್ಲಿ ಎಷ್ಟು ಮರ್ಯಾದೆ ಇತ್ತೋ ಗೊತ್ತಿಲ್ಲ, ನಾಲ್ಕನೇ ಬ್ಲಾಕಿನಲ್ಲಂತೂ ಇತ್ತು. ನಮ್ಮ ಯಜಮಾನರು ಮಾತ್ರ ನನ್ನ ಜೊತೆ ಅಂಗಡಿಗೆ ಬರುವುದನ್ನು ಬಿಟ್ಟು ಬಹಳ ವರ್ಷವಾಯಿತು. ಅವರಿಗೆ ನಾಚಿಕೆಯಾಗುತ್ತದಂತೆ.

ಈ ವಿದ್ಯೆಯೊಂದನ್ನೇ ನಂಬಿಕೊಂಡು ನಾನು ಇಂಗ್ಲೆಂಡಿಗೆ ವ್ಯಾಪಾರದ ಮಾತುಕತೆಗೆ ಹೋಗಿ ಬಂದೆ.

ಜೊತೆಗೆ ಬಂದವಳು ಶಿವಲೀಲಾ. ಗದಗ ಕಡೆಯವಳು, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆ ಮನೆ, ಸಂಜೆ ಹೊತ್ತು ಒಂದು ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೆಲಸ. ನಮ್ಮ ಜೆ.ಪಿ. ನಗರದ ಅಪಾರ್ಟ್‌ಮೆಂಟಿಗೆ ಶೇಂಗಾ ಚಟ್ನಿ ಪುಡಿ ಮಾರಲು ಬಂದವಳು ಈಗ ನನ್ನ ಪಾಲುದಾರಳು. ರುಚಿ ಅವಳದು, ಬಾಯಿ ನನ್ನದು. ಪುಟ್ಟೇನಹಳ್ಳಿ ಕೆರೆಯ ಹಿಂದುಗಡೆ ನಮ್ಮದೊಂದು ಶೀಟಿನ ಶೆಡ್ ಇದೆ. ಅಲ್ಲಿ ಅವಳ ಊರಿನ ಕಡೆಯ ಆರು ಜನ ಹೆಂಗಸರು ಶೇಂಗಾ ಹುರಿದು, ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿ ಪುಡಿ ಮಾಡುತ್ತಾರೆ. ಎಲ್ಲರಿಗೂ ಹಿರಿಯಳು ಫಕೀರವ್ವ. ಈ ಆರೂ ಜನ ಮೊದಲು ಗೊಟ್ಟಿಗೆರೆ ಕಡೆಯ ಬಿಲ್ಡಿಂಗುಗಳಲ್ಲಿ ತಲೆಯ ಮೇಲೆ ಕಾಂಕ್ರೀಟ್ ಹೊರುತ್ತಿದ್ದವರು.

ಮಷಿನ್ನಿನಲ್ಲಿ ಮಾಡಿದ ಅಗ್ಗದ ಪುಡಿಗಳ ಮುಂದೆ ನಮ್ಮ ವ್ಯಾಪಾರ ದಿನದಿಂದ ದಿನಕ್ಕೆ ಸೊರಗುತ್ತಿತ್ತು. ಅಷ್ಟರಲ್ಲಿ ಭಾರತಕ್ಕೂ ಬ್ರಿಟನ್ನಿಗೂ ವ್ಯಾಪಾರ ಒಪ್ಪಂದವಾಯಿತೆಂದು ಪೇಪರಿನಲ್ಲಿ ಬಂತು. ಆ ಗದ್ದಲದಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಮೇಳಕ್ಕೆ ಗ್ರಹಾಂ ಎಂಬ ವ್ಯಾಪಾರಿ ಬಂದಿದ್ದರು. ಬ್ರಿಸ್ಟಲ್ ಊರಿನ ಸುತ್ತಮುತ್ತಲ ಅಂಗಡಿಗಳಿಗೆ ಮಸಾಲೆ, ಚಹಾ ಹಂಚುವವರು. ನಮ್ಮ ಪುಡಿಯನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ರುಚಿ ನೋಡಿ, "ಒಮ್ಮೆ ಬನ್ನಿ, ಮಾತಾಡೋಣ" ಎಂದು ಕಾರ್ಡು ಕೊಟ್ಟು ಹೋದರು. ಆ ಆರ್ಡರ್ ಸಿಕ್ಕರೆ ಶೆಡ್ ಉಳಿಯುತ್ತದೆ, ಇಲ್ಲದಿದ್ದರೆ ಬೀಗ. ಹೊರಡುವ ಹಿಂದಿನ ದಿನ ಫಕೀರವ್ವ ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಕೇಳಿದಳು.

"ಅಕ್ಕಾರ, ಅವ್ರು ಮಷಿನ್ ಹಾಕ್ರಿ ಅಂದ್ರ?"

"ಹಾಕಲ್ಲ ಅಂತೀನಿ. ನಾನ್ ಹೋಗ್ತಿರೋದೇ ಅದಕ್ಕಲ್ವಾ?" ಎಂದೆ. ಎಷ್ಟು ಸಲೀಸಾಗಿ ಹೇಳಿದೆನೆಂದರೆ, ಈಗ ನೆನೆಸಿಕೊಂಡರೆ ನನಗೇ ಭಯವಾಗುತ್ತದೆ.

ಆಕಾಶದಲ್ಲಿ

ವಿಮಾನ ಮೇಲೇರಿ ಸ್ವಲ್ಪ ಹೊತ್ತಾಗಿತ್ತು. ಶಿವಲೀಲಾ ಬ್ಯಾಗಿನಿಂದ ಜೋಳದ ರೊಟ್ಟಿಯ ಸುರುಳಿ ತೆಗೆದಳು. ಒಳಗೆ ಬೆಣ್ಣೆ, ನಮ್ಮದೇ ಪುಡಿ. ಸರಿಯಾಗಿ ಆಗಲೇ ಮೈಕಿನಲ್ಲಿ ಘೋಷಣೆ ಬಂತು. ವಿಮಾನದಲ್ಲಿ ಶೇಂಗಾ ಆಗದ ಪ್ರಯಾಣಿಕರೊಬ್ಬರಿದ್ದಾರೆ, ದಯವಿಟ್ಟು ಯಾರೂ ಶೇಂಗಾ ಇರುವ ತಿಂಡಿಯ ಪೊಟ್ಟಣ ಬಿಚ್ಚಬೇಡಿ, ಗಾಳಿಯಲ್ಲಿ ಬಂದರೂ ಅವರಿಗೆ ಅಪಾಯ.

ಶಿವಲೀಲಾಳ ಕೈ ಅರ್ಧದಲ್ಲೇ ನಿಂತಿತು. ಗಗನಸಖಿ ಮುಂದಿನ ಸಾಲಿನ ಆರಡಿ ಎತ್ತರದ ಆಜಾನುಬಾಹುವಿನ ಹತ್ತಿರ ಬಗ್ಗಿ ಏನೋ ಸಮಾಧಾನ ಹೇಳುತ್ತಿದ್ದಳು. ಕುಸ್ತಿ ಪೈಲ್ವಾನನಂತಿದ್ದ ಆ ಮನುಷ್ಯನಿಗೆ ಒಂದು ಶೇಂಗಾ ಕಾಳು ಸಾಕಂತೆ.

"ನಮ್ಮೂರಾಗ ಶೇಂಗಾ ತಿಂದು ಬದುಕ್ತಾರ, ಇವ್ರು ಶೇಂಗಾ ತಿಂದ್ರ ಸಾಯ್ತಾರಂತಲ್ರೀ!" ಎಂದು ಅವಳು ಪಿಸುಗುಟ್ಟಿದಳು.

"ಮೆತ್ತಗೆ ಮಾತಾಡೇ. ಆ ಸುರುಳಿ ಒಳಗಿಡು."

"ಇಂಥಾ ಮಂದಿಗೆ ನಾವು ಶೇಂಗಾ ಪುಡಿ ಮಾರಾಕ ಹೊಂಟೀವಿ ನೋಡ್ರಿ" ಎಂದು ಸುರುಳಿಯನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಕಾಲಿನ ಸಂದಿಯಲ್ಲಿ ಒತ್ತಿ ಹಿಡಿದು ಕೂತಳು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಲಂಡನ್ ಬರುವವರೆಗೆ ಇಬ್ಬರೂ ಬಾಂಬು ಸಾಗಿಸುವವರ ಹಾಗೆ ಬೆವರಿಕೊಂಡೇ ಕೂತಿದ್ದೆವು. ಇಳಿಯುವಾಗ ಆ ಪೈಲ್ವಾನ ನಮ್ಮ ಸೂಟ್‌ಕೇಸನ್ನು ತಾನಾಗಿಯೇ ಇಳಿಸಿಕೊಟ್ಟ. ನಾನು ಕೈ ಒರೆಸಿಕೊಂಡೇ ಥ್ಯಾಂಕ್ಸ್ ಹೇಳಿದೆ.

ಬ್ರಿಸ್ಟಲ್

ಲಂಡನ್ನಿನಿಂದ ರೈಲಿನಲ್ಲಿ ಬ್ರಿಸ್ಟಲ್. ನಾವು ಕೋಣೆ ಹಿಡಿದಿದ್ದ ಮನೆ ಒಂದು ಗುಡ್ಡದ ಮೇಲಿತ್ತು. ಹಳದಿ, ನೀಲಿ, ಗುಲಾಬಿ ಬಣ್ಣದ ಮನೆಗಳು ಒಂದಕ್ಕೊಂದು ಅಂಟಿಕೊಂಡು ಇಳಿಜಾರಿನಲ್ಲಿ ಸಾಲಾಗಿ ನಿಂತಿದ್ದವು. ಬೀದಿ ಎಷ್ಟು ಕಡಿದಾಗಿತ್ತೆಂದರೆ ನಮ್ಮ ಸೂಟ್‌ಕೇಸು ಹತ್ತುವ ಬದಲು ಬಸ್‌ಸ್ಟಾಪಿಗೆ ವಾಪಸ್ ಹೋಗಲು ನೋಡುತ್ತಿತ್ತು.

ಮನೆಯೊಡತಿ ಜೂಡಿತ್ ಎಂಬ ಬೆಳ್ಳಿ ಕೂದಲಿನ ಹೆಂಗಸು. ನನ್ನಂತೆಯೇ ನಿವೃತ್ತರು. ಲಂಡನ್ನಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದರಂತೆ, ಈಗ ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾರೆ. ಮೊದಲ ಬೆಳಿಗ್ಗೆ ಚಹಾ ಮಾಡುವಾಗ ಅವರು ಮೇಜಿನ ಮೇಲಿಟ್ಟ ಹಾಲಿನ ಡಬ್ಬದ ಮೇಲೆ, ಇದು ಯುರೋಪ್ ಒಕ್ಕೂಟಕ್ಕೆ ಅಲ್ಲ ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿತ್ತು.

"ಹಾಲಿಗೂ ಗಡಿಯೇ?" ಎಂದು ಕೇಳಿದೆ.

"ನಾವು ಯುರೋಪಿನಿಂದ ಹೊರಗೆ ಬಂದ ಮೇಲೆ ಉತ್ತರ ಐರ್ಲೆಂಡಿಗೆ ಹೋಗುವ ಹಾಲು ಅಲ್ಲಿಂದ ಗಡಿ ದಾಟಿ ಯುರೋಪಿನ ಕಡೆಗೆ ಹೋಗದಿರಲಿ ಅಂತ ಆದ ರಾಜಿ ಇದು" ಎಂದರು. "ಈಗ ಇಲ್ಲೂ ಕೆಲವು ಡಬ್ಬಗಳ ಮೇಲೆ ಅದೇ ಅಚ್ಚು ಬರುತ್ತದೆ. ಹಸುವಿಗೆ ಇನ್ನೂ ಹೇಳಿಲ್ಲ." ಮುಖದಲ್ಲಿ ನಗೆಯ ಸುಳಿವೇ ಇಲ್ಲ. ಈ ಊರಿನವರು ತಮಾಷೆ ಮಾಡುವಾಗಲೇ ಹೆಚ್ಚು ಗಂಭೀರವಾಗಿರುತ್ತಾರೆಂದು ಆಮೇಲೆ ತಿಳಿಯಿತು.

ಆ ಊರಿನ ಬಸ್ಸು ನನಗೆ ಬಹಳ ಹಿಡಿಸಿತು. ಇಳಿಯುವ ಪ್ರತಿಯೊಬ್ಬರೂ, ತುಟಿಗೆ ರಿಂಗು ಚುಚ್ಚಿಸಿಕೊಂಡ ಹುಡುಗಿಯಿಂದ ಹಿಡಿದು ಕೋಲೂರುವ ಅಜ್ಜನವರೆಗೆ, ಡ್ರೈವರಿಗೆ "ಚಿಯರ್ಸ್, ಡ್ರೈವ್" ಎಂದು ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮ ಸಿಟಿ ಬಸ್ಸಿನಲ್ಲಿ ಡ್ರೈವರಿಗೆ ನಾವು ಹೇಳುವುದು "ಸ್ವಲ್ಪ ನಿಲ್ಸಿ ಸಾರ್, ಇಳಿಯೋರಿದಾರೆ" ಎಂದಷ್ಟೇ, ಅದೂ ಅರಚಿಕೊಂಡು. ಶಿವಲೀಲಾ ಎರಡನೇ ಸಲಕ್ಕೇ ಕಲಿತುಬಿಟ್ಟಳು. ಬಸ್ ಹತ್ತುವಾಗಲೂ ಹೇಳಿದಳು, ಇಳಿಯುವಾಗಲೂ ಹೇಳಿದಳು.

ಭಾನುವಾರ ಹಳೆಯ ಮಾರುಕಟ್ಟೆಯೊಂದಕ್ಕೆ ಹೋಗಿದ್ದೆವು. ಹಳೆ ಪಿಂಗಾಣಿ ಮಾರುವ ದಪ್ಪನೆಯ ಹೆಂಗಸು ನನ್ನನ್ನು ಕಂಡೊಡನೆ "ಏನು ಬೇಕು, ಮೈ ಲವರ್?" ಎಂದು ಕೇಳಿದಳು. ನಾನು ಹಿಂದೆ ತಿರುಗಿ ಯಾರಾದರೂ ಗಂಡಸರಿದ್ದಾರೆಯೇ ಎಂದು ನೋಡಿದೆ. ಇಲ್ಲ, ನನಗೇ ಹೇಳಿದ್ದು. ನಮ್ಮಲ್ಲಿ ಗುರುತಿಲ್ಲದವರನ್ನೂ ಅಕ್ಕ, ಆಂಟಿ ಎನ್ನುವ ಹಾಗೆ ಆ ಕಡೆಯ ಜನ ಎಲ್ಲರನ್ನೂ ಹಾಗೆ ಕರೆಯುತ್ತಾರಂತೆ. ಈ ವಯಸ್ಸಿನಲ್ಲಿ ಇಷ್ಟು ಪ್ರೀತಿಯಿಂದ ಕರೆದವಳ ಹತ್ತಿರ ಚೌಕಾಸಿ ಸುಲಭ ಎಂದುಕೊಂಡು, ಒಂದು ಚಹಾ ಕುಡಿಕೆಗೆ ಅವಳು ಹೇಳಿದ್ದರ ಅರ್ಧ ಕೇಳಿದೆ. "ಸಾರಿ, ಮೈ ಲವರ್" ಎಂದು ಕುಡಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಟ್ಟೆಯಲ್ಲಿ ಒರೆಸಿ ಹಿಂದಿಟ್ಟಳು. ನಾನು ಬೀದಿಯ ಕೊನೆಯವರೆಗೂ ನಿಧಾನವಾಗಿ ನಡೆದೆ. ಕೂಗು ಬರಲಿಲ್ಲ. ಬಹುಶಃ ಅವಳಿಗೆ ಕಿವಿ ಮಂದ ಇರಬೇಕು ಎಂದುಕೊಂಡೆ.

ಸೋಮವಾರ

ಗ್ರಹಾಂ ಅವರ ಕಚೇರಿ ಒಂದು ಗೋದಾಮಿನ ಮೇಲ್ಮಹಡಿಯಲ್ಲಿತ್ತು. ಮೆಟ್ಟಿಲಲ್ಲೇ ಜೀರಿಗೆಯ ವಾಸನೆ ಬಂದು, ನನಗೆ ಮನೆಗೆ ಬಂದಷ್ಟೇ ಧೈರ್ಯ ಬಂತು. ಐವತ್ತೈದು ದಾಟಿದ, ಸ್ವೆಟರಿನ ಮೊಣಕೈಗೆ ತೇಪೆ ಹಾಕಿಸಿಕೊಂಡ ಸಾಧು ಮನುಷ್ಯ. ನಮ್ಮ ಪುಡಿಯನ್ನು ಮತ್ತೆ ತಿಂದರು. ಖಾರ ಸರಿ, ಬೆಳ್ಳುಳ್ಳಿ ಸರಿ, ಉಪ್ಪು ಸರಿ, ನಾವು ಹೇಳಿದ ಬೆಲೆಯೂ ಸರಿ ಎಂದರು. ಶಿವಲೀಲಾಳ ಮುಖ ಅರಳಿತು.

"ಎರಡು ವಿಷಯ ಮಾತ್ರ" ಎಂದರು ಗ್ರಹಾಂ. "ಪುಡಿ ಇನ್ನೂ ಸ್ವಲ್ಪ ನುಣ್ಣಗಾಗಬಹುದೇ? ಹಿಟ್ಟಿನ ಹಾಗೆ. ಮಷಿನ್ನಿಗೆ ಹಾಕಿದರೆ ಆಗುತ್ತದಲ್ಲವೇ? ಮತ್ತೆ ಬಾಟಲಿಯ ಮುಂದಿನ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿದ್ದರೆ ಇಲ್ಲಿನವರಿಗೆ ಅರ್ಥವಾಗುತ್ತದೆ."

ಮೊದಲನೆಯದು ಫಕೀರವ್ವನ ಹೊಟ್ಟೆಯ ಮೇಲೆ ಹೊಡೆತ. ಮಷಿನ್ ಬಂದರೆ ಇಬ್ಬರು ಸಾಕು, ಉಳಿದ ನಾಲ್ವರು ಮತ್ತೆ ಕಾಂಕ್ರೀಟ್ ಹೊರಬೇಕು. ಎರಡನೆಯದು ನನಗೆ ಬಿದ್ದ ಹೊಡೆತ. ಆ ಚೀಟಿಯ ಮೇಲೆ "ಶೇಂಗಾ ಚಟ್ನಿ ಪುಡಿ" ಎಂದು ದುಂಡಗೆ ಕನ್ನಡದಲ್ಲಿ ಬರೆಸಿದವಳು ನಾನು. ನಮ್ಮ ಅಪಾರ್ಟ್‌ಮೆಂಟಿನ ಹೆಸರನ್ನು ಕನ್ನಡದಲ್ಲಿ ಬರೆಸಲು ಅಸೋಸಿಯೇಷನ್ನಿನ ಮೂರು ಅಧ್ಯಕ್ಷರ ಜೊತೆ ಜಗಳವಾಡಿದವಳೂ ನಾನೇ.

ಸರಿ, ನಾಲ್ಕನೇ ಬ್ಲಾಕಿನ ಕ್ರಮದಲ್ಲೇ ಶುರು ಮಾಡಿದೆ. ಮೊದಲು ಆಕಾಶ ಕೇಳಬೇಕು, ಆಮೇಲೆ ಮರದ ತುದಿಗೆ ಇಳಿಯಬೇಕು. ಪುಡಿಯ ಒಂದು ಕಣವೂ ಬದಲಾಗುವುದಿಲ್ಲ, ಚೀಟಿಯ ಒಂದು ಅಕ್ಷರವೂ ಬದಲಾಗುವುದಿಲ್ಲ, ಬಾಟಲಿ ಇನ್ನೂ ದೊಡ್ಡದಾಗಬೇಕು, ಎಲ್ಲ ಅಂಗಡಿಗಳಲ್ಲೂ ಬಾಗಿಲ ಎದುರಿಗೇ ಇಡಬೇಕು ಎಂದೆ. ಅವರು ನಗಬೇಕಿತ್ತು. ನಗಲಿಲ್ಲ. ಒಂದೊಂದನ್ನೂ ಗಮನವಿಟ್ಟು ಕೇಳಿಸಿಕೊಂಡರು.

"ಇಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೆ ಧನ್ಯವಾದ" ಎಂದರು. "ಹಾಗಿದ್ದರೆ ಇದು ನಮಗೆ ಹೊಂದುವುದಿಲ್ಲವೇನೋ. ನಿಜವಾಗಿಯೂ ಬೇಸರವಾಗುತ್ತಿದೆ."

ನಾನು ಬ್ಯಾಗು ಎತ್ತಿಕೊಂಡು ಎದ್ದೆ. ಶಿವಲೀಲಾ ಗಾಬರಿಯಿಂದ ನನ್ನ ಹಿಂದೆಯೇ ಎದ್ದಳು. ಗ್ರಹಾಂ ಕೂಡ ಎದ್ದರು. ಕರೆಯುತ್ತಾರೆ ಎಂದುಕೊಂಡರೆ, ಓಡಿಬಂದು ಬಾಗಿಲು ತೆರೆದು ಹಿಡಿದು ನಿಂತರು. ನನ್ನ ಕೋಟು ಬಿಡಿಸಿ ತೋಳು ತೂರಿಸಲು ಸಹಾಯ ಮಾಡಿದರು. ಯಾವ ಬಸ್ಸು ಹಿಡಿಯಬೇಕೆಂದು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಮಳೆ ನಿಲ್ಲಲಿ ಎಂದು ಹಾರೈಸಿದರು. ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಹೊರಗೆ ಹಾಕಿರಲಿಲ್ಲ.

ನಾವು ಬಸ್‌ಸ್ಟಾಪಿನಲ್ಲಿ ನಿಂತೆವು.

"ಅಕ್ಕಾರ, ಅಂವ ಕರೀಲೇ ಇಲ್ಲಲ್ರೀ."

"ಕರೀತಾರೆ, ಇರು. ಹಿಂದೆ ತಿರುಗಿ ನೋಡ್ಬೇಡ."

ಬಸ್ಸು ಬಂತು. ಬಿಟ್ಟೆವು. ಇನ್ನೊಂದು ಬಂತು, ಅದನ್ನೂ ಬಿಟ್ಟೆವು. ಆಗ ಗೋದಾಮಿನ ಬಾಗಿಲು ತೆರೆದು ಗ್ರಹಾಂ ಹೊರಗೆ ಬಂದರು. ನಾನು ಶಿವಲೀಲಾಳ ತೋಳು ಚಿವುಟಿದೆ. ಅವರು ನಮ್ಮ ಕಡೆ ಅಕ್ಕರೆಯಿಂದ ಕೈ ಬೀಸಿ, ಕಾರು ಹತ್ತಿ, ಊಟಕ್ಕೆ ಹೊರಟುಹೋದರು.

ಬಂದರಿನ ಬೆಂಚು

ಊರಿನ ನಡುವೆಯೇ ಹಡಗುಕಟ್ಟೆಯಿದೆ. ಅಲ್ಲೊಂದು ಒದ್ದೆ ಬೆಂಚನ್ನು ಒರೆಸಿ ಕೂತು ಶಿವಲೀಲಾ ಬುತ್ತಿಯಲ್ಲಿ ಉಳಿದಿದ್ದ ರೊಟ್ಟಿ ಸುರುಳಿ ಬಿಚ್ಚಿದಳು. ಬಾಯಿಗಿಡುವಷ್ಟರಲ್ಲಿ ಬಾತುಕೋಳಿಯ ಗಾತ್ರದ ಕಡಲಹಕ್ಕಿಯೊಂದು ಮೇಲಿನಿಂದ ಎರಗಿ, ಸುರುಳಿಯನ್ನು ಕಿತ್ತುಕೊಂಡು ಹಾರಿಹೋಯಿತು. ಪುಡಿಯೆಲ್ಲ ಅವಳ ಮಡಿಲಿಗೆ ಸುರಿಯಿತು. ಆ ಊರಿನಲ್ಲಿ ನಮ್ಮ ಸರಕನ್ನು ಯಾವ ಷರತ್ತೂ ಹಾಕದೆ ತೆಗೆದುಕೊಂಡದ್ದು ಅದೊಂದೇ. ನಾನು ನಕ್ಕೆ. ಅವಳು ನಗಲಿಲ್ಲ.

"ಫಕೀರವ್ವಗ ಏನ್ ಹೇಳಿ ಬಂದೀರಿ ನೀವು?" ಎಂದಳು. ಅವಳು ನನ್ನೊಡನೆ ದನಿ ಎತ್ತಿದ್ದು ಅದೇ ಮೊದಲು. "ನಿಮಗ ಇದು ಆಟ ಇರಬಹುದ್ರಿ. ಡಬ್ಬಿ ತಗೋಳೂದ್ರಾಗ ಅಂವ ಕರೀಲಿಲ್ಲಂದ್ರ ಬ್ಯಾರೆ ಅಂಗಡಿ ಇರ್ತಾವು. ಅಕಿಗೆ ಬ್ಯಾರೆ ಅಂಗಡಿ ಇಲ್ಲ. ಮತ್ತ ಕಾಂಕ್ರೀಟ ಹೊರತಾಳ. ಆ ನೋಯೂ ಮೊಣಕಾಲಾಗ ಹತ್ತ ಮಹಡಿ ಏರತಾಳ."

ಎದುರಿಗೆ ಬಣ್ಣಬಣ್ಣದ ದೋಣಿಗಳು ಮಳೆಯಲ್ಲಿ ತೊನೆಯುತ್ತಿದ್ದವು. ಬೇರೆಯವರ ಅನ್ನವನ್ನು ಕೈಯಲ್ಲಿ ಹಿಡಿದುಕೊಂಡು ನಾನು ನನ್ನ ಜಾಣತನ ತೋರಿಸಲು ಹೋಗಿದ್ದೆ. ಅವಳ ಮಡಿಲಿನ ಪುಡಿಯನ್ನು ಕೊಡವಲು ಕೈ ಚಾಚಿದೆ. ಅವಳು ತಾನೇ ಕೊಡವಿಕೊಂಡಳು.

ಜೂಡಿತ್ ಅಡುಗೆಮನೆ

ಸಂಜೆ ಜೂಡಿತ್ ಬ್ರೆಡ್ಡಿನ ಮೇಲೆ ಬೇಯಿಸಿದ ಹುರುಳಿಕಾಯಿ ಬೀಜದ ಸಾರಿನಂಥದ್ದನ್ನು ಸುರಿದು ನಮ್ಮ ಮುಂದಿಟ್ಟರು. ಅದನ್ನು ಅವರು ಊಟ ಎನ್ನುತ್ತಾರೆ. ನಮ್ಮಿಬ್ಬರ ಮುಖ ನೋಡಿ ಏನಾಯಿತೆಂದು ಕೇಳಿದರು. ಎಲ್ಲವನ್ನೂ ಹೇಳಿದೆ, ಕೋಟು ಹಾಕಿಸಿದ್ದನ್ನೂ ಬಿಡದೆ.

ಜೂಡಿತ್ ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ಚಹಾ ಬಗ್ಗಿಸಿ ನಮ್ಮ ಎದುರಿಗೆ ಕೂತರು.

"ನೀವು ಮಾಡಿದ್ದನ್ನೇ ನನ್ನ ದೇಶವೂ ಮಾಡಿತು" ಎಂದರು. ಅವರ ಕೊನೆಯ ವರ್ಷಗಳ ಕೆಲಸವೇ ಅದಾಗಿತ್ತಂತೆ. ಯುರೋಪಿನಿಂದ ಹೊರಬಂದ ಮೇಲೆ ನಡೆದ ವ್ಯಾಪಾರದ ಮಾತುಕತೆಯಲ್ಲಿ ದೊಡ್ಡವರು ಮೇಜಿನ ಸುತ್ತ ಕೂತರೆ, ಇವರು ಹಿಂದಿನ ಕುರ್ಚಿಯಲ್ಲಿ ಕೂತು ಕರಡು ತಿದ್ದುತ್ತಿದ್ದರು. "ಒಪ್ಪಂದ ಆಗದಿದ್ದರೂ ಪರವಾಗಿಲ್ಲ, ಎದ್ದು ಹೋಗುತ್ತೇವೆ ಅಂತ ನಮ್ಮ ಕಡೆಯವರು ಹೇಳುತ್ತಲೇ ಇದ್ದರು. ಆಚೆ ಕಡೆಯವರು ನಿಮ್ಮ ಗ್ರಹಾಂ ಹಾಗೆಯೇ. ಬಾಗಿಲು ಅಲ್ಲಿದೆ, ಹುಷಾರಾಗಿ ಹೋಗಿ ಎನ್ನುತ್ತಿದ್ದರು. ಕರೆಯುತ್ತಾರೆ ಅಂತ ನಾವು ಕಾಯುತ್ತಿದ್ದೆವು."

"ಕೊನೆಗೆ ಏನಾಯ್ತು?" ಎಂದು ಶಿವಲೀಲಾ ಕೇಳಿದಳು.

"ಮೀನು" ಎಂದರು ಜೂಡಿತ್. "ನಮ್ಮ ಇಡೀ ವ್ಯಾಪಾರದಲ್ಲಿ ಮೀನಿನ ಪಾಲು ತೀರ ಚಿಕ್ಕದು. ಆದರೆ ಸಮುದ್ರ ನಮ್ಮದು, ಮೀನು ನಮ್ಮದು ಎಂಬ ಅಭಿಮಾನ ದೊಡ್ಡದು. ಕ್ರಿಸ್‌ಮಸ್ ಹಿಂದಿನ ದಿನದವರೆಗೂ ಅದನ್ನು ಹಿಡಿದುಕೊಂಡು ಜಗ್ಗಿದೆವು. ಆಮೇಲೆ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟು, ಇಬ್ಬರೂ ಗೊಣಗುತ್ತಾ ಮನೆಗೆ ಹೋದೆವು."

"ಮೀನುಗಾರರಿಗೆ ಖುಷಿಯಾಯ್ತಾ?" ಎಂದೆ.

"ಇಲ್ಲ. ಅವರಿಗೆ ಇನ್ನೂ ಸಿಟ್ಟಿದೆ. ಅವರ ಹೆಸರನ್ನು ಎಲ್ಲರೂ ಹೇಳಿದೆವು. ಅವರಿಗೆ ಬೇಕಾದ್ದು ಏನು ಅಂತ ಸರಿಯಾಗಿ ಕೇಳಿದವರು ಕಡಿಮೆ."

ನಾನು ತಟ್ಟೆ ನೋಡುತ್ತ ಕೂತೆ. ಫಕೀರವ್ವನ ಹೆಸರು ಹೇಳಿಕೊಂಡು ಬಂದಿದ್ದೆ. ಆದರೆ ಗ್ರಹಾಂ ಎದುರು ನನ್ನ ದನಿ ಹೆಚ್ಚು ಏರಿದ್ದು ಚೀಟಿಯ ಅಕ್ಷರಗಳಿಗಾಗಿ ಎಂದು ನನಗೆ ಗೊತ್ತಿತ್ತು. ಶಿವಲೀಲಾಳಿಗೂ ಗೊತ್ತಿತ್ತೆಂದು ಕಾಣುತ್ತದೆ.

ಜೂಡಿತ್ ಒಂದು ಹಳೆ ಲಕೋಟೆಯ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಬರೆದು ತಮ್ಮ ಕಚೇರಿಯ ಪದ್ಧತಿ ತೋರಿಸಿದರು. ಒಪ್ಪಂದದ ಕರಡಿನಲ್ಲಿ ಎರಡೂ ಕಡೆ ಒಪ್ಪಿದ ಮಾತನ್ನು ಹಾಗೇ ಬರೆಯುತ್ತಾರೆ. ಒಪ್ಪದ ಮಾತನ್ನು ಅಳಿಸುವುದಿಲ್ಲ, ಅದರ ಸುತ್ತ ಚೌಕನೆಯ ಬ್ರಾಕೆಟ್ ಹಾಕಿ ಇಡುತ್ತಾರೆ. ಮಾತುಕತೆ ಎಂದರೆ ದಿನಾ ಬಂದು ಒಂದೊಂದೇ ಬ್ರಾಕೆಟ್ ತೆಗೆಯುವುದು, ಅಷ್ಟೇ. ಎದ್ದು ಹೋದವರಿಗೆ ತೆಗೆಯಲು ಕೈಯಲ್ಲಿ ಏನೂ ಇರುವುದಿಲ್ಲ.

"ನಿಮ್ಮದರಲ್ಲಿ ಎಷ್ಟು ಬ್ರಾಕೆಟ್ ಇವೆ?"

ಲೆಕ್ಕ ಹಾಕಿದೆವು. ರುಚಿ, ಖಾರ, ಬೆಳ್ಳುಳ್ಳಿ, ಉಪ್ಪು, ಬೆಲೆ ಎಲ್ಲ ಒಪ್ಪಿಗೆ. ಉಳಿದದ್ದು ಎರಡೇ, ನುಣುಪು ಮತ್ತು ಚೀಟಿ.

"ಇಷ್ಟೆಲ್ಲ ಒಪ್ಪಿಗೆ ಇಟ್ಟುಕೊಂಡು ಎದ್ದು ಬಂದಿರಾ!" ಎಂದು ಅವರು ಹಣೆ ಚಚ್ಚಿಕೊಂಡರು. "ಅವರಿಗೆ ನುಣ್ಣಗೆ ಯಾಕೆ ಬೇಕಂತೆ?"

ನಾನು ಶಿವಲೀಲಾಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ನಾವು ಕೇಳಿರಲಿಲ್ಲ.

"ಆದ್ರೆ ಎದ್ದು ಬಂದ್ಮೇಲೆ ವಾಪಸ್ ಹೋಗೋದು ಹೇಗೆ? ನಮ್ಮಲ್ಲಿ ಹಾಗೆ ಹೋದ್ರೆ ಸೋತ ಹಾಗೆ" ಎಂದೆ.

"ಸಾರಿ ಅನ್ನಿ. ಈ ದೇಶದಲ್ಲಿ ನಾವು ಕಂಬಕ್ಕೆ ಡಿಕ್ಕಿ ಹೊಡೆದರೆ ಕಂಬಕ್ಕೂ ಸಾರಿ ಅನ್ನುತ್ತೇವೆ. ಅದಕ್ಕೆ ಯಾರ ಮರ್ಯಾದೆಯೂ ಹೋಗುವುದಿಲ್ಲ."

ಮಂಗಳವಾರ ಬೆಳಿಗ್ಗೆ ಫೋನು ಮಾಡಿದೆ. ನಾನು ಸಾರಿ ಎನ್ನುವುದಕ್ಕೂ ಗ್ರಹಾಂ ಆಚೆಯಿಂದ ಸಾರಿ ಎನ್ನುವುದಕ್ಕೂ ಸರಿಹೋಯಿತು. ತಮ್ಮಿಂದ ಏನಾದರೂ ತಪ್ಪಾಯಿತೇ ಎಂದು ಅವರು ನಿದ್ದೆ ಕೆಡಿಸಿಕೊಂಡಿದ್ದರಂತೆ. ನಾಳೆ ಬನ್ನಿ ಎಂದರು.

ಬುಧವಾರ

ಈ ಸಲ ನಾನು ಆಕಾಶ ಕೇಳಲಿಲ್ಲ. ಕೂತ ಕೂಡಲೇ ಒಂದೇ ಪ್ರಶ್ನೆ ಕೇಳಿದೆ. "ಪುಡಿ ನುಣ್ಣಗೆ ಯಾಕೆ ಬೇಕು?"

ಗ್ರಹಾಂ ಎದ್ದು ಹೋಗಿ ಕಪಾಟಿನಿಂದ ಒಂದು ಖಾಲಿ ಬಾಟಲಿ ತಂದರು. ಅದರ ಮುಚ್ಚಳಕ್ಕೆ ಮೆಣಸಿನ ಪುಡಿ ಉದುರಿಸುವ ಡಬ್ಬಿಗಿರುವಂತೆ ತೂತುಗಳಿದ್ದವು. "ಇದಕ್ಕೆ" ಎಂದರು. "ಹಿಂದೆ ಬೇರೆಯವರ ತರಿ ಪುಡಿಯೊಂದನ್ನು ಇದರಲ್ಲಿ ತುಂಬಿಸಿದ್ದೆ. ತೂತುಗಳು ಕಟ್ಟಿಕೊಂಡು, ಅಂಗಡಿಯವರೆಲ್ಲ ಹಿಂದಕ್ಕೆ ಕಳಿಸಿದರು. ಈ ಮುಚ್ಚಳಗಳು ನನ್ನ ಗೋದಾಮಿನಲ್ಲಿ ರಾಶಿ ಇವೆ."

ಮುಚ್ಚಳ! ಒಂದು ಮುಚ್ಚಳದ ತೂತಿಗಾಗಿ ಪುಟ್ಟೇನಹಳ್ಳಿಯ ಆರು ಒನಕೆಗಳು ಮೂಲೆ ಸೇರಬೇಕಿತ್ತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಸರ್, ಬ್ರೆಡ್ ಇದೆಯಾ? ಬೆಣ್ಣೆ?" ಎಂದು ಶಿವಲೀಲಾ ಇಂಗ್ಲಿಷಿನಲ್ಲಿ ಕೇಳಿದಳು. ಪಕ್ಕದ ಕೋಣೆಯಿಂದ ಬ್ರೆಡ್ಡು ಬಂತು, ಬೆಣ್ಣೆ ಬಂತು. ಅವಳು ದಪ್ಪಗೆ ಬೆಣ್ಣೆ ಸವರಿ, ಅದರ ಮೇಲೆ ಚಮಚದಲ್ಲಿ ಪುಡಿ ಹಾಕಿ, ಚಮಚದ ಬೆನ್ನಿನಿಂದ ಒತ್ತಿ, ಮಡಿಸಿ ಅವರ ಕೈಗೆ ಕೊಟ್ಟಳು. ಅಲ್ಲಿಯವರೆಗೂ ಗ್ರಹಾಂ ನಮ್ಮ ಪುಡಿಯನ್ನು ಬೆರಳ ತುದಿಯಲ್ಲಷ್ಟೇ ತಿಂದಿದ್ದರು. ಸೂಪಿನ ಮೇಲೆ ಉದುರಿಸಿಕೊಳ್ಳುವ ವಸ್ತು ಎಂದೇ ತಿಳಿದಿದ್ದರು.

ತಿಂದರು. ಇನ್ನೊಂದು ಮಾಡಿಕೊಡುತ್ತೀರಾ ಎಂದರು. ಅದನ್ನೂ ತಿಂದರು. "ಹಲ್ಲಿಗೆ ಸಿಗುತ್ತದಲ್ಲ ಆ ತರಿ, ಅದೇ ಚೆನ್ನಾಗಿದೆ" ಎಂದರು.

"ಕೈಯಲ್ಲಿ ಕುಟ್ಟಿದರೆ ಮಾತ್ರ ಹಾಗೆ ಬರುತ್ತದೆ ಸರ್. ಮಷಿನ್ನಿನಲ್ಲಿ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುತ್ತದೆ. ಇದನ್ನು ಉದುರಿಸುವುದಲ್ಲ, ಚಮಚದಲ್ಲಿ ಹಾಕಿಕೊಳ್ಳುವುದು" ಎಂದಳು ಶಿವಲೀಲಾ.

ಗ್ರಹಾಂ ಸುಮ್ಮನೆ ಕೂತರು. ಬಹಳ ಹೊತ್ತು ಸುಮ್ಮನೆ ಕೂತರು. ಮೌನವಿದ್ದಲ್ಲಿ ಮಾತು ತುಂಬುವುದು ನನ್ನ ಹುಟ್ಟುಗುಣ. ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಮೇಜಿನ ಕೆಳಗೆ ಶಿವಲೀಲಾ ನನ್ನ ಕಾಲನ್ನು ಬಲವಾಗಿ ತುಳಿದಳು. ನಾನು ಬಾಯಿ ಮುಚ್ಚಿಕೊಂಡೆ. ಕಿಟಕಿಯ ಹೊರಗೆ ಕಡಲಹಕ್ಕಿಗಳು ಕಿರುಚುತ್ತಿದ್ದವು.

"ಆ ಮುಚ್ಚಳಗಳನ್ನು ಬೆಳ್ಳುಳ್ಳಿ ಉಪ್ಪಿಗೆ ಹಾಕಿ ಮುಗಿಸುತ್ತೇನೆ" ಎಂದರು ಕೊನೆಗೆ. "ಇದಕ್ಕೆ ಅಗಲ ಬಾಯಿಯ ಬಾಟಲಿ ಕೊಡಿಸುತ್ತೇನೆ. ಆದರೆ ಒಂದು ಸಲ ಜರಡಿ ಹಿಡಿಯಲೇಬೇಕು. ಕುಟ್ಟುವವರು ತಲೆಗೆ ಟೋಪಿ, ಕೈಗೆ ಗವಸು ಹಾಕಲೇಬೇಕು. ಮೊದಲು ಒಂದು ವರ್ಷಕ್ಕೆ ಮಾತ್ರ ಒಪ್ಪಂದ. ಮತ್ತೆ..." ಎಂದು ನನ್ನ ಕಡೆ ನೋಡಿದರು. ಮುಂದಿನ ಮಾತು ಹೇಳಲು ಅವರಿಗೆ ಸಂಕೋಚ.

"ಮುಂದಿನ ಚೀಟಿ ನಿಮ್ಮದು. ಇಂಗ್ಲಿಷಿನಲ್ಲೇ ಹಾಕಿ" ಎಂದೆ.

ಸುಳ್ಳು ಹೇಳುವುದಿಲ್ಲ, ಈಗಲೂ ಆ ಬಾಟಲಿಯ ಮುಂಭಾಗ ನೋಡಿದರೆ ಏನೋ ಕಳೆದುಕೊಂಡಂತೆ ಅನ್ನಿಸುತ್ತದೆ. ಆದರೆ ಅವರು ಮುಚ್ಚಳ ಬಿಟ್ಟ ಮೇಲೆ ನಾನೂ ಏನಾದರೂ ಬಿಡಬೇಕಿತ್ತು. ಮುಂದಿನ ಚೀಟಿಯ ಮೇಲೆ "ಕೈಯಲ್ಲಿ ಕುಟ್ಟಿದ ಶೇಂಗಾ" ಎಂಬರ್ಥದ ಇಂಗ್ಲಿಷ್ ಮಾತನ್ನು ಗ್ರಹಾಂ ತಾವೇ ಬರೆದು ತೋರಿಸಿದರು. ಕೈ ಎನ್ನುವುದೇ ಮೊದಲಿತ್ತು. ಕನ್ನಡ ಬೆನ್ನಿಗೆ ಹೋಯಿತು. ಕನ್ನಡಕವಿಲ್ಲದೆ ಓದುವಷ್ಟಾದರೂ ದಪ್ಪಗಿರಲಿ ಎಂದು ಕೇಳಿಕೊಂಡೆ. ಶೇಂಗಾ ಆಗದವರಿಗೆ ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಹಾಕುವುದು ಅವರ ಕಾನೂನು, ಅದರ ಪಕ್ಕದಲ್ಲೇ ಅಷ್ಟೇ ದಪ್ಪಗೆ ಹಾಕಿಸುತ್ತೇನೆ ಎಂದರು. ವಿಮಾನದ ಆ ಪೈಲ್ವಾನನಂಥವರು ಮುಂದೆ ಪ್ರಾಣಭಯದಿಂದಲಾದರೂ ಎರಡಕ್ಷರ ಕನ್ನಡ ನೋಡುತ್ತಾರೆ.

ಗ್ರಹಾಂ ಕೈಕುಲುಕಿ, ನಮ್ಮ ಕೋಟುಗಳನ್ನು ಹಿಡಿದು ಬಾಗಿಲವರೆಗೆ ಬಂದರು. ಈ ಸಲ ನನಗೆ ಆ ಮರ್ಯಾದೆ ಚುಚ್ಚಲಿಲ್ಲ.

ಕೆಳಗಿಳಿದು ಗೋದಾಮಿನ ಗೋಡೆಗೆ ಒರಗಿ ಶೆಡ್ಡಿಗೆ ವಿಡಿಯೋ ಕಾಲ್ ಮಾಡಿದೆವು. ಅಲ್ಲಿ ಮಧ್ಯಾಹ್ನ. ಮೊದಲು ಶೆಡ್ಡಿನ ತಗಡು ಕಂಡಿತು, ಆಮೇಲೆ ಫಕೀರವ್ವನ ಗದ್ದ, ಆಮೇಲೆ ಇಡೀ ಮುಖ. ಹಿಂದೆ ಉಳಿದವರೆಲ್ಲ ಕೆಲಸ ನಿಲ್ಲಿಸಿ ಕತ್ತು ಚಾಚಿದ್ದರು. ಶಿವಲೀಲಾ ಮಾತಾಡಲು ಹೋಗಿ ಅತ್ತುಬಿಟ್ಟಳು. ಅವಳ ಅಳು ನೋಡಿ ಫಕೀರವ್ವನ ಮುಖ ಕಪ್ಪಿಟ್ಟಿತು. ನಾನು ಫೋನು ಕಸಿದುಕೊಂಡೆ.

"ಅಯ್ಯೋ, ಅದು ಖುಷಿಗೆ ಅಳ್ತಿರೋದು ಕಣಮ್ಮ. ಆರ್ಡರ್ ಆಯ್ತು."

"ಮಷಿನ್ರೀ?"

"ಮಷಿನ್ ಇಲ್ಲ. ಕೈಯಲ್ಲೇ ಕುಟ್ಬೇಕು. ಒಂದ್ಸಲ ಜರಡಿ ಹಿಡೀಬೇಕು, ಕೈಗೆ ಗವಸು, ತಲೆಗೆ ಟೋಪಿ ಹಾಕ್ಕೋಬೇಕು. ಮೊದ್ಲು ಒಂದು ವರ್ಷಕ್ಕೆ ಅಂತೆ, ಆಮೇಲೆ ನೋಡೋಣ ಅಂದಿದಾರೆ."

ಫಕೀರವ್ವ ಹಿಂದೆ ತಿರುಗಿ ಹೆಂಗಸರಿಗೆ ಏನೋ ಹೇಳಿದಳು. ಚಪ್ಪಾಳೆ, ಕೇಕೆ ಬರಬಹುದೆಂದು ನಾನು ಕಾದಿದ್ದೆ. ಒಬ್ಬಳು ಮಾತ್ರ ಒನಕೆಯನ್ನು ಗೋಡೆಗೆ ಆನಿಸಿ, ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಫಕೀರವ್ವ ಮತ್ತೆ ನನ್ನ ಕಡೆ ತಿರುಗಿದಳು.

"ಖರೇನ್ರಿ ಅಕ್ಕಾರ?"

"ಖರೇನೇ ಫಕೀರವ್ವ."

"ಹಂಗಾರ ಫೋನ್ ಇಡ್ರಿ" ಎಂದಳು. "ಒಲಿ ಮ್ಯಾಲ ಶೇಂಗಾ ಅದಾವು, ಸೀದು ಹೊಂಟಾವು."